ಸುರಪುರ ಸೀಮೆಯ ಬೀಜಸಂಪತ್ತು

ಸುರಪುರದ ಇತಿಹಾಸವೆಂದೊಡನೆ ವಾಚಕರ ಮನಸ್ಸಿಗೆ ಬೇಡನಾಯಕರ ದುರ್ಗವೂ, ೧೮೪೧ರಿಂದ ೧೮೫೩ರ ವರೆಗೆ ಅಲ್ಲಿ ಆಡಳಿತದ ಹೊಣೆ ಹೊತ್ತಿದ್ದ ಮೆಡೋಸ್ ಟೇಲರ್ ಸಾಹೇಬನೂ, ೧೮೫೮ರಲ್ಲಿ ಅಸುನೀಗಿದ ರಾಜಾ ವೆಂಕಟಪ್ಪನಾಯಕನೂ ಬಂದು ನಿಲ್ಲುವುದು ಸಹಜವೇ. ಆದರೆ ಅರಸರ ಇತಿಹಾಸಕ್ಕಿಂತ ಬಹು ಹಿಂದಿನದೊಂದು ಇತಿಹಾಸವು ಈ ಸೀಮೆಯ ಹೊಲಗಳಲ್ಲಿಯೂ ಮನೆಗಳ ಬೀಜದ ಗಡಿಗೆಗಳಲ್ಲಿಯೂ ಉಳಿದು ಬಂದಿರುತ್ತದೆ. ಅದನ್ನು ಬರೆದಿಟ್ಟವರು ವಿರಳ.

ಕೊಡೇಕಲ್ಲು, ಬೂದಿಹಾಳ ಮೊದಲಾದ ಊರುಗಳ ಬಳಿ ಬೂದಿಯ ದಿಬ್ಬಗಳಿರುವುದನ್ನು ಹಲವರು ಬಲ್ಲರು. ಹಿಂದೆ ಇವನ್ನು ಜ್ವಾಲಾಮುಖಿಯ ಕಾರ್ಯವೆಂದು ಊಹಿಸಿದವರೂ ಉಂಟು. ಆಲ್ಚಿನ್ ಎಂಬ ವಿದ್ವಾಂಸನು ಕೃಷ್ಣಾತೀರದ ಉತನೂರಿನಲ್ಲಿ ೧೯೫೭ರಲ್ಲಿ ಅಗೆತ ನಡೆಸಿ, ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಥಾಪಿಸಿದನು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಕೊಡೇಕಲ್ಲಿನಲ್ಲಿಯೂ ಮುಂದೆ ಬೂದಿಹಾಳದಲ್ಲಿಯೂ ಅಗೆದು ನೋಡಿ, ದನದ ದೊಡ್ಡಿಯನ್ನೂ ಅದರ ಮಗ್ಗುಲಿನ ವಾಸಸ್ಥಾನವನ್ನೂ ಬೆಳಕಿಗೆ ತಂದರು. ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ ಸಂಸಾರವದು.

ಆ ಜನರು ಏನನ್ನು ಬಿತ್ತಿ ಏನನ್ನು ಉಣ್ಣುತ್ತಿದ್ದರು? ಇದಕ್ಕೆ ಉತ್ತರವು ವಿಶೇಷವಾಗಿ ಬಳ್ಳಾರಿಯ ಸಂಗನಕಲ್ಲು ಮೊದಲಾದ ನೆಲೆಗಳಿಂದ ದೊರೆತಿದೆ. ಉಪಾಯವು ಸರಳವಾದುದು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಕರಿಕಾದ ಕಾಳುಗಳು ತೇಲಿಬರುವವು. ಅವನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಿಂದ ಗುರುತಿಸುವರು. ಡೋರಿಯನ್ ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದವರು ಈ ಬಗೆಯಿಂದ ಕಂಡುಕೊಂಡ ಮುಖ್ಯ ಧಾನ್ಯಗಳು ನಾಲ್ಕು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಕುಲಕ್ಕೆ ಸೇರಿದ ಒಂದು ಹುಲ್ಲು. ಇವೆಲ್ಲವೂ ಮುಂಗಾರು ಮಳೆಯನ್ನೇ ನಂಬಿ ಬೆಳೆಯುವ, ಈ ದೇಶದವೇ ಆದ ಸಸ್ಯಗಳು. ಗೋದಿ, ಜವೆಗಳು ವಾಯವ್ಯದಿಂದ ಆಮೇಲೆ ಬಂದವು. ಸಜ್ಜೆಯೂ ಅವರೆಯೂ ಆಫ್ರಿಕಾಖಂಡದವು. ನಾವು ನಮ್ಮ ಪ್ರಾಣವೆಂದು ತಿಳಿದಿರುವ ಜೋಳವೂ ಅಲ್ಲಿಯದೇ. ತೊಗರಿಯ ಕಾಡುಬಂಧುಗಳು ಬಸ್ತರ್, ಒಡಿಶಾ ಪ್ರಾಂತಗಳಲ್ಲಿರುವುದರಿಂದ ಅದು ಪೂರ್ವದ ಕಡೆಯಿಂದ ಬಂದಿತೆಂದು ತಿಳಿಯುವರು. ಜೋಳದ ರೊಟ್ಟಿಯನ್ನು ಪರದೇಶಿ ಎಂದರೆ ನಮ್ಮ ಕಡೆಯ ಯಾವ ಅಜ್ಜಿಯೂ ಒಪ್ಪಲಾರಳು, ಒಪ್ಪಬೇಕಾದುದೂ ಇಲ್ಲ. ಸಾವಿರಾರು ವರ್ಷ ಈ ಎರೆಭೂಮಿಯಲ್ಲಿ ಬಿತ್ತಿ, ಒಳ್ಳೆಯ ತೆನೆಯನ್ನಾರಿಸಿ, ಬೂದಿ ಬೇವಿನೆಲೆಗಳೊಡನೆ ಗಡಿಗೆಯಲ್ಲಿಟ್ಟು ಮರುವರ್ಷ ಬಿತ್ತಿದ ಹೆಣ್ಣುಮಕ್ಕಳ ಕೈಯಿಂದ ಅದು ಇಲ್ಲಿಯದೇ ಆಗಿಹೋಗಿದೆ.

ಇಲ್ಲಿ ಸಸ್ಯಶಾಸ್ತ್ರದ ಒಂದು ಮಾತನ್ನು ಹೇಳಬೇಕಾಗುತ್ತದೆ. ಹಿಮಾಲಯದ ಎತ್ತರದಲ್ಲಿ ಬೆಳೆಯುವ ಕೋಷ್ಠದಂಥ ಅಪೂರ್ವ ಗಿಡಗಳ ಸ್ಥಿತಿಯನ್ನು ನೋಡಿರಿ. ಒಂದು ಶಿಖರದ ಗುಂಪಿಗೂ ಇನ್ನೊಂದರ ಗುಂಪಿಗೂ ನಡುವೆ ಕಣಿವೆ; ಪರಾಗವಾಗಲಿ ಬೀಜವಾಗಲಿ ದಾಟುವುದು ವಿರಳ. ಆದುದರಿಂದ ಒಂದೊಂದು ಗುಂಪೂ ತನ್ನದೇ ಆದ ವಂಶಗುಣಗಳನ್ನು ಕೂಡಿಸಿಕೊಳ್ಳುವುದು. ಒಂದು ಗುಂಪು ಅಳಿದರೆ ಆ ಗುಣಗಳು ಮತ್ತೊಂದೆಡೆ ಸಿಕ್ಕಲಾರವು. ಗುಂಪು ಚಿಕ್ಕದಾದಷ್ಟೂ ಒಳಗಿನ ವೈವಿಧ್ಯವು ತಲೆಮಾರಿಗೆ ತಲೆಮಾರು ಸವೆಯುವುದು. ಹುರುಳಿ, ಹೆಸರುಗಳ ಸಂಗತಿಯೂ ಇದಕ್ಕೆ ಬಹಳ ಹತ್ತಿರದ್ದು. ಇವು ತಮ್ಮ ಹೂವಿನ ಪರಾಗದಿಂದಲೇ ಕಾಳುಕಟ್ಟುವ ಜಾತಿಯವಾದ್ದರಿಂದ, ಒಂದು ಮನೆತನದ ಬೀಜವು ನೆರೆಯ ಹೊಲದೊಡನೆ ಬೆರೆಯದೆ ಬೇರೆಯೇ ಉಳಿಯುವುದು. ಹಿಮಶಿಖರವು ಅಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಹೊಲದ ಬದುವು ಮಾಡಿದೆಯೆನ್ನಬಹುದು. ತೊಗರಿಯ ಮಾತು ಬೇರೆ. ಜೇನುನೊಣಗಳು ಅದರ ಪರಾಗವನ್ನು ಹೊಲದಿಂದ ಹೊಲಕ್ಕೆ ಒಯ್ಯುತ್ತವೆ.

ಈ ವೈವಿಧ್ಯದಿಂದ ಪ್ರಯೋಜನವೇನು? ದೂರದ ನಿದರ್ಶನವೇಕೆ? ಯಾದಗಿರಿಯು ೨೦೧೦ರ ವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿಯೇ ಇದ್ದಿತು. ಆ ಜಿಲ್ಲೆಯ ತೊಗರಿಗೆ ನೆಟೆರೋಗವು ದೊಡ್ಡ ಪಿಡುಗು. ಬೇರಿನಿಂದೇರಿದ ಬೂಷ್ಟು ಗಿಡದ ನೀರಿನ ದಾರಿಯನ್ನು ಕಟ್ಟುವುದರಿಂದ, ಹೂಕಾಯಿ ಹಿಡಿದ ಹೊಲವು ನಿಂತಲ್ಲೇ ಒಣಗುವುದು. ೧೯೭೨ರಲ್ಲಿ ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯವರು, ಮಹಾರಾಷ್ಟ್ರದ ರೈತರ ಒಂದು ನಾಡತಳಿಯಲ್ಲಿ ಈ ರೋಗವನ್ನು ತಾಳುವ ಶಕ್ತಿಯನ್ನು ಕಂಡು, ಅದರಿಂದಾರಿಸಿದ ತಳಿಯು ೧೯೮೦ರ ದಶಕದಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ನಮ್ಮ ರೈತರ ಕೈಸೇರಿತು. ಉತ್ತರ ಕರ್ನಾಟಕದಲ್ಲೆಲ್ಲ ಅದು ಹಬ್ಬಿತು. ಆದರೆ ಮಾರುತಿಗೆ ಗೊಡ್ಡುರೋಗವನ್ನು ತಡೆಯುವ ಬಲವಿಲ್ಲ. ಅದಕ್ಕಾಗಿ ಬೇರೆ ಮೂಲವನ್ನು ಹುಡುಕಿ ‘ಆಶಾ’ ತಳಿಯನ್ನು ತರಬೇಕಾಯಿತು. ಆ ಹಳೆಯ ತೊಗರಿಯನ್ನು ಬೆಳೆಯುವುದು ನಷ್ಟವೆಂದು ರೈತನು ಮೊದಲೇ ಕೈಬಿಟ್ಟಿದ್ದರೆ, ಸಂಸ್ಥೆಯವರಿಗೆ ಆರಿಸಲು ಏನಿರುತ್ತಿತ್ತು? ಜೋಳದ ಪ್ರಸಿದ್ಧ ತಳಿ ‘ಎಂ ೩೫-೧’ ಕೂಡ ಸೊಲ್ಲಾಪುರದ ಮೋಹೋಳದಲ್ಲಿ ಮಾಲದಂಡಿ ಎಂಬ ನಾಡಜೋಳದಿಂದ ಆರಿಸಿದ್ದೇ ಆಗಿದೆ.

೧೯೮೨ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯಿತು. ಬರಗಾಲದ ಸೀಮೆಗೆ ಅದು ವರವೇ ಸರಿ. ನೀರನ್ನು ಬೇಡವೆನ್ನುವುದು ಮನೆಯಲ್ಲಿ ಕುಳಿತು ಬರೆಯುವವರ ವಿಲಾಸವಾದೀತು. ಆದರೆ ನೀರು ಬಂದಲ್ಲಿ ನೆಲ್ಲು ಬಂದಿತು; ಜೋಳದ ಸಾಲಿನ ನಡುವೆ ಅಕ್ಕಡಿಯಾಗಿ ಬಿತ್ತುತ್ತಿದ್ದ ಕಾಳುಗಳು ಹಿಂಜರಿದವು. ೨೦೦೨ರಲ್ಲಿ ಸರಕಾರದ ಅನುಮತಿ ಪಡೆದ ಬಿ.ಟಿ. ಹತ್ತಿಯ ಸಂಕರಬೀಜವು ದೇಶಿ ಹತ್ತಿಯನ್ನು ಬಹುಮಟ್ಟಿಗೆ ಹೊರದೂಡಿತು. ಸಂಕರಬೀಜವನ್ನು ಪ್ರತಿವರ್ಷವೂ ಕೊಳ್ಳಲೇಬೇಕು. ಗಡಿಗೆಯಲ್ಲಿ ಬೀಜವಿಡುವ ಪದ್ಧತಿಯು ಕಾನೂನಿನಿಂದ ನಿಂತದ್ದಲ್ಲ. ಗಡಿಗೆಗೆ ಕೆಲಸವಿಲ್ಲದೆ ನಿಂತಿತು.

ಬೀಜರಕ್ಷಣೆಯ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಇಕ್ರಿಸ್ಯಾಟಿನ ಶೀತಗೃಹದಲ್ಲಿ ೧೩ ಸಾವಿರಕ್ಕೂ ಮಿಕ್ಕ ತೊಗರಿಯ ಮಾದರಿಗಳಿವೆ. ಲಡಾಖದ ಚಾಂಗ್‌ಲಾ ಕಣಿವೆದಾರಿಯ ಬಳಿ, ೧೭ ಸಾವಿರ ಅಡಿಗಳೆತ್ತರದಲ್ಲಿ, ೨೦೧೦ರಲ್ಲಿ ಬೀಜಭಾಂಡಾರವೊಂದನ್ನು ಕಟ್ಟಿದ್ದಾರೆ. ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿದಂತೆ ಇವರು ಹಿಮದೊಳಗೆ ತೋಡಿದರು. ಆದರೂ ಶೀತಗೃಹದ ಬೀಜವು ನಿದ್ರಿಸುವ ಬೀಜ. ಹೊರಗೆ ಮಳೆ ಬದಲಾಗುವುದು, ಹುಳು ಬದಲಾಗುವುದು. ಹೊಲದ ಬೀಜವು ಅದರೊಡನೆ ಬದಲಾಗುವುದು, ಒಳಗಿನದು ಇಟ್ಟಂತೆಯೇ ಇರುವುದು. ಎರಡೂ ಬೇಕು.

ಹೊಲದ ಬೀಜವನ್ನು ಉಳಿಸಿದವನಿಗೆ ಈಗ ಕಾನೂನಿನ ಆಸರೆಯೂ ಉಂಟು. ೨೦೦೧ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ರಕ್ಷಣೆಯ ಕಾಯಿದೆಯಂತೆ, ರೈತನಾಗಲಿ ಊರವರು ಕೂಡಿಯಾಗಲಿ ತಮ್ಮ ನಾಡತಳಿಯನ್ನು ತಮ್ಮ ಹೆಸರಿನಲ್ಲಿಯೇ ದಾಖಲು ಮಾಡಿಸಬಹುದು, ಇದಕ್ಕೆ ಶುಲ್ಕವಿಲ್ಲ. ತಳಿಯ ಹೆಸರು, ಬೆಳೆಯುವ ಊರು, ಗಿಡದ ಲಕ್ಷಣಗಳು, ಒಂದಿಷ್ಟು ಬೀಜ, ಇಷ್ಟನ್ನು ಒಪ್ಪಿಸಬೇಕು. ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಕೃಷಿವಿಜ್ಞಾನ ಕೇಂದ್ರವೂ, ಶಹಾಪುರದ ಬಳಿ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವೂ ಇವೆ. ಗಡಿಗೆಯ ತಳದಲ್ಲಿ ಹಳೆಯ ಹುರುಳಿಯೋ ಹೆಸರೋ ಉಳಿದಿರುವ ಮನೆಯವರು ಅದನ್ನು ತೋರಿಸಲು ಬಹುದೂರ ಹೋಗಬೇಕಾಗಿಲ್ಲ.