ಮರಳಿ ಕಣಕ್ಕೆ

ರನ್ನನ ‘ಗದಾಯುದ್ಧ’ವನ್ನು ಪಾಠ ಹೇಳುವಾಗ, ದುರ್ಯೋಧನನ ತೊಡೆ ಮುರಿಯುವ ಪ್ರಸಂಗಕ್ಕೆ ಬಂದೊಡನೆ ತರಗತಿಯಲ್ಲಿ ಮೌನ ಕವಿಯುತ್ತಿತ್ತು. ಅದು ಧರ್ಮವೋ ಅಧರ್ಮವೋ ಎಂಬ ಜಿಜ್ಞಾಸೆ ಹಾಗಿರಲಿ. ತೊಡೆ ಮುರಿದ ವೀರನಿಗೆ ಮರಳಿ ಏಳುವ ದಾರಿಯೇ ಇಲ್ಲವೆಂಬುದು ಆ ಮೌನದ ಅರ್ಥ. ಪ್ರಾಚೀನರಿಗೆ ಮೂಳೆಯನ್ನು ಕೂಡಿಸುವ ವಿದ್ಯೆ ತಿಳಿದಿರಲಿಲ್ಲವೆಂದಲ್ಲ. ಸುಶ್ರುತ ಸಂಹಿತೆಯು ಮೂಳೆಯ ಮುರಿತದಲ್ಲಿ 12 ಬಗೆಗಳನ್ನೂ ಕೀಲು ತಪ್ಪುವುದರಲ್ಲಿ 6 ಬಗೆಗಳನ್ನೂ ಗುರುತಿಸಿ, ಎಳೆದು ಕೂಡಿಸಿ ದಬ್ಬೆ ಕಟ್ಟುವ ಕ್ರಮವನ್ನು ವಿವರಿಸುತ್ತದೆ. ನಮ್ಮ ಗರಡಿಮನೆಯ ಉಸ್ತಾದರ ಕೈಗೂ ಆ ವಿದ್ಯೆಯ ಒಂದು ಕವಲು ಬಂದಿತ್ತು. ಆದರೆ ಮೂಳೆ ಕೂಡಿದವನು ನಡೆದಾನು, ಮತ್ತೆ ಸೆಣಸಿಯಾನೇ? ಈ ಪ್ರಶ್ನೆಗೆ ಶಸ್ತ್ರವೈದ್ಯವು ಉತ್ತರ ಹುಡುಕಿದ್ದು ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದಲ್ಲಿ.

ಇಂಗ್ಲೆಂಡಿನ ಡೆನಿಸ್ ಕಾಂಪ್ಟನ್ ಬೇಸಿಗೆಯಲ್ಲಿ ಕ್ರಿಕೆಟಿಗ, ಚಳಿಗಾಲದಲ್ಲಿ ಆರ್ಸೆನಲ್ ತಂಡದ ಫುಟ್‌ಬಾಲ್ ಆಟಗಾರ. 1938ರಲ್ಲಿ ಫುಟ್‌ಬಾಲ್ ಮೈದಾನದಲ್ಲಿ ಎದುರು ತಂಡದ ಗೋಲ್‌ಕೀಪರನಿಗೆ ಡಿಕ್ಕಿ ಹೊಡೆದಾಗ ಅವರ ಮೊಣಕಾಲಿಗೆ ಪೆಟ್ಟಾಯಿತು. ಅದೇ ಮೊಣಕಾಲಿನೊಂದಿಗೆ 1947ರ ಒಂದೇ ಋತುವಿನಲ್ಲಿ 18 ಶತಕಗಳನ್ನು ಹೊಡೆದು 3816 ರನ್ ಕಲೆಹಾಕಿದರು. ಆದರೆ ನೋವು ಸಾಲಗಾರನಂತೆ ಮತ್ತೆ ಮತ್ತೆ ಬಾಗಿಲು ತಟ್ಟಿತು. ಕೊನೆಗೆ 1955ರ ನವೆಂಬರಿನಲ್ಲಿ ವೈದ್ಯರು ಅವರ ಮಂಡಿಚಿಪ್ಪನ್ನೇ ತೆಗೆದುಹಾಕಿದರು. ಮಂಡಿಚಿಪ್ಪಿಲ್ಲದ ಕ್ರಿಕೆಟಿಗ ಎಂಬುದೇ ವಿಚಿತ್ರವಾದ ಮಾತು. ಆದರೂ 1956ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ಎದುರು ಕಾಂಪ್ಟನ್ ಆಡಿದರು. 94 ರನ್ ಗಳಿಸಿದರು. ಇದು ಜಯವೇ? ಜಯವೇ ಸರಿ. ಆದರೆ ಹೆಜ್ಜೆಯ ಆ ಹಳೆಯ ಚುರುಕು ಮರಳಲಿಲ್ಲ. ಮರುವರ್ಷವೇ ಅವರ ವೃತ್ತಿಜೀವನ ಮುಗಿಯುತ್ತ ಬಂದಿತು. ಕೆಟ್ಟ ಭಾಗವನ್ನು ಕಿತ್ತುಹಾಕುವುದೇ ಅಂದಿನ ಶಸ್ತ್ರವೈದ್ಯದ ಮುಖ್ಯ ಮಾರ್ಗವಾಗಿತ್ತು.

ಆ ಮಾರ್ಗವನ್ನು ಬದಲಿಸುವ ಕೆಲಸ ಜಪಾನಿನಲ್ಲಿ ಸದ್ದಿಲ್ಲದೆ ನಡೆದಿತ್ತು. 1918ರಲ್ಲಿ ಕೆಂಜಿ ತಕಾಗಿ ಎಂಬ ವೈದ್ಯರು ಮೂತ್ರಕೋಶವನ್ನು ನೋಡುವ ಕೊಳವೆಯನ್ನು ಶವವೊಂದರ ಮೊಣಕಾಲಿನೊಳಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವತನಾಬೆ ಆ ಉಪಕರಣವನ್ನು ಸುಧಾರಿಸಿ, 1962ರಲ್ಲಿ ಟೋಕಿಯೋದಲ್ಲಿ ಮೊಣಕಾಲನ್ನು ಅಗಲವಾಗಿ ಸೀಳದೆಯೇ ಹರಿದ ಮೃದ್ವಸ್ಥಿಯ ತುಣುಕನ್ನು ಕತ್ತರಿಸಿ ತೆಗೆದರು. ಇಂದು ಆಟಗಾರರ ಕೀಲುಗಳಿಗೆ ನಡೆಯುವ ‘ಕೀಹೋಲ್’ ಚಿಕಿತ್ಸೆಯ ಮೂಲ ಇಲ್ಲಿದೆ.

ಎರಡನೆಯ ತಿರುವು ಅಮೆರಿಕದ್ದು. ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಟಾಮಿ ಜಾನ್ ಎಂಬ ಎಡಗೈ ಆಟಗಾರರಿಗೆ 1974ರ ಜುಲೈಯಲ್ಲಿ, ಪಂದ್ಯದ ನಡುವೆಯೇ, ಮೊಣಕೈಯ ಒಳಬದಿಯ ಅಸ್ಥಿರಜ್ಜು ಹರಿಯಿತು. ಎಲುಬಿಗೆ ಎಲುಬನ್ನು ಬಿಗಿದಿಡುವ ಹುರಿ ಅದು. ಹರಿದರೆ ಎಸೆತಗಾರನ ಬದುಕು ಮುಗಿದಂತೆ ಎಂಬುದು ಆವರೆಗಿನ ಅನುಭವ. ವೈದ್ಯ ಫ್ರಾಂಕ್ ಜೋಬ್ ಅವರು ಸೆಪ್ಟೆಂಬರ್ 25ರಂದು ಜಾನ್ ಅವರ ಬಲಗೈಯ ಮಣಿಕಟ್ಟಿನ ಬಳಿಯ ಸ್ನಾಯುರಜ್ಜುವೊಂದನ್ನು ತೆಗೆದು, ಎಡಮೊಣಕೈಯ ಎಲುಬುಗಳಲ್ಲಿ ರಂಧ್ರ ಕೊರೆದು, ಅದನ್ನು ನೇಯ್ದು ಕಟ್ಟಿದರು. ಕಣಕ್ಕೆ ಮರಳುವ ಸಾಧ್ಯತೆ ನೂರಕ್ಕೆ ಒಂದು ಎಂದು ವೈದ್ಯರೇ ಅಂದಾಜು ಮಾಡಿದ್ದರು. ಸಾಲದೆಂಬಂತೆ ನರವೊಂದು ಘಾಸಿಗೊಂಡು, ಡಿಸೆಂಬರಿನಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಯೂ ಆಯಿತು. 1975ರ ಇಡೀ ವರ್ಷ ಜಾನ್ ಒಂದು ಪಂದ್ಯವನ್ನೂ ಆಡಲಿಲ್ಲ. ಕೈಗೆ ಕೆಲಸವನ್ನು ಮಗುವಿಗೆ ಅಕ್ಷರ ತಿದ್ದಿಸಿದಂತೆ ಕಲಿಸಿದರು. 1976ರಲ್ಲಿ ಮರಳಿದರು, 1989ರವರೆಗೆ ಆಡಿದರು. ಅವರ ಒಟ್ಟು 288 ಗೆಲುವುಗಳಲ್ಲಿ 164 ಶಸ್ತ್ರಚಿಕಿತ್ಸೆಯ ನಂತರದವು. ಆ ಚಿಕಿತ್ಸೆಗೆ ಈಗ ವೈದ್ಯರ ಹೆಸರಿಲ್ಲ, ರೋಗಿಯ ಹೆಸರಿದೆ. ಕತ್ತಿ ಹಿಡಿದ ಕೈಯಷ್ಟೇ, ವರ್ಷವಿಡೀ ಕಾದ ಕೈಯದೂ ಆ ಸಾಧನೆ ಎಂಬುದನ್ನು ಜನರೇ ಒಪ್ಪಿಕೊಂಡಂತಾಯಿತು.

ನಮ್ಮ ನಾಡಿನ ಅನಿಲ್ ಕುಂಬ್ಳೆಯವರನ್ನು ಇಲ್ಲಿ ನೆನೆಯಲೇಬೇಕು. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಅವರು 2001ರಲ್ಲಿ ಆಸ್ಟ್ರೇಲಿಯದ ಎದುರಿನ ಆ ಪ್ರಸಿದ್ಧ ಸರಣಿಯನ್ನು ಆಡಲಾಗಲಿಲ್ಲ. ಅದೇ ಡಿಸೆಂಬರಿನಲ್ಲಿ ತಮ್ಮ ಬೆಂಗಳೂರಿನಲ್ಲೇ 300ನೆಯ ಟೆಸ್ಟ್ ವಿಕೆಟ್ ಪಡೆದರು. ಅವರ 619 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭುಜ ದುರಸ್ತಿಯಾದ ಮೇಲಿನವು.

ಇಂಥ ಕಥೆಗಳನ್ನು ಕೇಳಿದಾಗ ಶಸ್ತ್ರಚಿಕಿತ್ಸೆಯೊಂದು ವರಪ್ರಸಾದವೆಂಬ ಭ್ರಮೆ ಹುಟ್ಟುತ್ತದೆ. ಚರಿತ್ರೆಯ ಸ್ವಭಾವವೇ ಹಾಗೆ: ಮರಳಿದವರ ಹೆಸರನ್ನು ಅದು ಬರೆದಿಡುತ್ತದೆ, ಮರಳದವರನ್ನು ಲೆಕ್ಕದಲ್ಲಿಯೂ ಹಿಡಿಯುವುದಿಲ್ಲ. ಆ ಲೆಕ್ಕವನ್ನು ತೆಗೆದವರು ವಿಜ್ಞಾನಿಗಳು. ಮೊಣಕಾಲಿನ ಮುಂಬದಿಯ ಅಸ್ಥಿರಜ್ಜುವನ್ನು ಮತ್ತೆ ಕಟ್ಟಿಸಿಕೊಂಡ ಏಳು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ಯಾವುದಾದರೊಂದು ಆಟಕ್ಕೆ ಮರಳಿದವರು ನೂರಕ್ಕೆ 81. ತಮ್ಮ ಹಿಂದಿನ ಮಟ್ಟಕ್ಕೆ ಮರಳಿದವರು 65. ಸ್ಪರ್ಧೆಯ ಕಣಕ್ಕೆ ಮರಳಿದವರು ಕೇವಲ 55. ವೈದ್ಯರ ಲೆಕ್ಕದಲ್ಲಿ ‘ಯಶಸ್ವಿ’ ಎನಿಸಿದ ಮೊಣಕಾಲಿಗೂ ಆಟಗಾರನ ಲೆಕ್ಕದ ಯಶಸ್ಸಿಗೂ ಇರುವ ಅಂತರ ಇದು. 2016ರಲ್ಲಿ ನಾರ್ವೆಯ ಸಂಶೋಧಕರು ಇನ್ನೊಂದು ಮಾತನ್ನು ತೋರಿಸಿಕೊಟ್ಟರು: ಒಂಬತ್ತು ತಿಂಗಳವರೆಗೆ, ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮತ್ತೆ ಗಾಯಗೊಳ್ಳುವ ಅಪಾಯ ಸುಮಾರು ಅರ್ಧದಷ್ಟು ಇಳಿಯುತ್ತದೆ. ತಾಳಿದವನು ಬಾಳಿಯಾನು ಎಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ನನ್ನ ವಿದ್ಯಾರ್ಥಿಯೊಬ್ಬ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ವರ್ಷವಾಗಿತ್ತು. ಕಾಲು ಸರಿಯಿದೆಯೆಂದು ವೈದ್ಯರು ಹೇಳಿದ್ದರು. ಆದರೂ ಅವನು ಅಂಕಣದ ಗೆರೆಯ ಹೊರಗೇ ನಿಂತಿರುತ್ತಿದ್ದ. ಕೇಳಿದಾಗ, “ಕಾಲು ಬಂದಿದೆ ಸಾರ್, ಧೈರ್ಯ ಬಂದಿಲ್ಲ” ಎಂದ. ಆಗ ನಾನು ಅದನ್ನು ಪುಕ್ಕಲುತನವೆಂದು ತಿಳಿದು, ನಾಲ್ಕು ಜನರ ಮುಂದೆ ಹಾಸ್ಯ ಮಾಡಿದೆ. ಆ ಮೇಲೆ ಅವನು ಮೈದಾನದ ಕಡೆ ಬರಲೇ ಇಲ್ಲ. ಮತ್ತೆ ಪೆಟ್ಟಾದೀತೆಂಬ ಭಯವೇ ಅನೇಕರನ್ನು ಕಣದ ಹೊರಗೆ ನಿಲ್ಲಿಸುತ್ತದೆ, ಅದಕ್ಕೂ ಆರೈಕೆ ಬೇಕು ಎಂದು ಈಗ ವೈದ್ಯರೇ ಹೇಳುತ್ತಿದ್ದಾರೆ. ಇದನ್ನು ಓದಿದಾಗ ನನಗೆ ನೆನಪಾದುದು ಗೆರೆಯ ಹೊರಗೆ ನಿಂತ ಆ ಹುಡುಗ. ಮುರಿದ ಅಂಗವನ್ನು ಕೂಡಿಸುವ ಹೊಣೆ ಶಸ್ತ್ರವೈದ್ಯರದು. ಮುರಿದ ಧೈರ್ಯವನ್ನು ಕೂಡಿಸುವ ಹೊಣೆ ಗುರುವಿನದೂ ಗೆಳೆಯರದೂ ಹೌದು. ನಾನು ಅದನ್ನು ತಡವಾಗಿ ಕಲಿತೆ.