ಚನ್ನಪಟ್ಟಣ ಸೀಮೆಯ ಬೇಸಿಗೆ ಗುಡುಗುಮಳೆಯೂ ಮುನ್ಸೂಚನೆಯ ಇತಿಹಾಸವೂ

ಏಪ್ರಿಲ್ ನಡುವಿನಿಂದ ಮುಂಗಾರು ಕಾಲಿಡುವವರೆಗೆ ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರ ತಾಲ್ಲೂಕುಗಳಲ್ಲಿ ಇಳಿಹೊತ್ತಿನಲ್ಲಿ ಗುಡುಗು, ಸಿಡಿಲು, ಬಿರುಗಾಳಿಗಳೊಡನೆ, ಕೆಲವೊಮ್ಮೆ ಆಲಿಕಲ್ಲಿನೊಡನೆ ಸುರಿಯುವ ಮಳೆಯನ್ನು ರೈತರು ನಕ್ಷತ್ರಗಳ ಹೆಸರಿನಿಂದಲೇ ಗುರುತಿಸುತ್ತ ಬಂದಿದ್ದಾರೆ. ಸೂರ್ಯನು ಒಂದು ನಕ್ಷತ್ರದಲ್ಲಿರುವ 13-14 ದಿನಗಳ ಅವಧಿಯೇ ಒಂದು ‘ಮಳೆ’. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರದಲ್ಲಿ ಕೃತ್ತಿಕೆ, ಆ ತಿಂಗಳು ಮುಗಿಯುವ ಮುನ್ನ ರೋಹಿಣಿ ಹುಟ್ಟುತ್ತವೆ. ಭೂಮಿಯ ಅಕ್ಷದ ನಿಧಾನವಾದ ತೊನೆತದಿಂದಾಗಿ ಈ ನಕ್ಷತ್ರಗಣನೆಯು ಋತುಗಳಿಗಿಂತ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುವುದರಿಂದ, ಸಾವಿರ ವರ್ಷಗಳ ಹಿಂದೆ ಭರಣಿಯಲ್ಲಿ ಇರುತ್ತಿದ್ದ ಬಿಸಿಲಿನ ಕಾಲ ಇಂದು ಅಶ್ವಿನಿಯ ಪಾಲಿಗೆ ಬಂದಿದೆ. ಹಾಗಿದ್ದರೂ ಈ ಗಣನೆ ನಿಷ್ಪ್ರಯೋಜಕವೆನ್ನಲಾಗದು: ಹೊಲವನ್ನು ಯಾವಾಗ ಹದಗೊಳಿಸಬೇಕೆಂಬ ಪ್ರಶ್ನೆಗೆ ಹದಿನೈದು ದಿನಗಳ ಅಂದಾಜು ಸಾಕಾಗುತ್ತಿತ್ತು. ಯಾವ ಸಂಜೆ, ಯಾವ ಊರಿನ ಮೇಲೆ ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ.

ಭಾರತ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನವು 1890ರ ದಶಕದ ಆರಂಭದಲ್ಲಿ ತನ್ನದೇ ವ್ಯವಸ್ಥೆಯನ್ನು ಕಟ್ಟಿಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳನ್ನು ನಡೆಸಿ, ಸಂಸ್ಥಾನದ ಮಳೆಮಾಪಕಗಳ ಲೆಕ್ಕವನ್ನು ವರ್ಷವರ್ಷವೂ ವರದಿಯಾಗಿ ಪ್ರಕಟಿಸಿತು. ಒಂದು ದೇಶೀಯ ಸಂಸ್ಥಾನ ಇಷ್ಟು ಶ್ರದ್ಧೆಯಿಂದ ಮಳೆಯನ್ನು ಅಳೆದದ್ದು ನಿಜಕ್ಕೂ ಹೆಮ್ಮೆಯ ಸಂಗತಿ. ಆದರೆ ಬೇಸಿಗೆಯ ಮಳೆಯ ಸ್ವಭಾವ ಆ ಅಂಕಣಗಳಲ್ಲಿ ಹಿಡಿಯುವಂಥದ್ದಾಗಿರಲಿಲ್ಲ. ಬೆಳಗ್ಗೆ ಒಮ್ಮೆ ಮಾಪಕವನ್ನು ನೋಡಿ ಹಿಂದಿನ 24 ಗಂಟೆಗಳ ಮಳೆಯನ್ನು ಬರೆಯುವ ಪದ್ಧತಿಯಿಂದಾಗಿ ಸಂಜೆಯ ಅಬ್ಬರ ಮರುದಿನದ ತಾರೀಖಿಗೆ ಸೇರುತ್ತಿತ್ತು. ಅರ್ಧ ಗಂಟೆಯಲ್ಲಿ ಸುರಿದದ್ದಕ್ಕೂ ರಾತ್ರಿಯಿಡೀ ಜಿನುಗಿದ್ದಕ್ಕೂ ಒಂದೇ ಅಂಕಿ. ವೀಕ್ಷಕನ ಕಿವಿಗೆ ಗುಡುಗು ಕೇಳಿಸಿದ ದಿನವನ್ನೇ ‘ಗುಡುಗಿನ ದಿನ’ವೆಂದು ಎಣಿಸುವುದು ಹವಾಮಾನ ಶಾಸ್ತ್ರದ ರೂಢಿಯಾದ್ದರಿಂದ, ಮತ್ತು ಗುಡುಗು ಹದಿನೈದಿಪ್ಪತ್ತು ಕಿಲೋಮೀಟರಿಗಿಂತ ಆಚೆ ಕೇಳಿಸುವುದು ವಿರಳವಾದ್ದರಿಂದ, ಬೆಂಗಳೂರಿನ ವೀಕ್ಷಣಾಲಯಕ್ಕೆ ಚನ್ನಪಟ್ಟಣದ ಸಿಡಿಲು ಇದ್ದೂ ಇಲ್ಲದಂತಾಗಿತ್ತು. ಉದುರಿದ ಮಾವಿಗೂ ಹರಿದ ಹಿಪ್ಪುನೇರಳೆ ಎಲೆಗೂ ಮಳೆಮಾಪಕದಲ್ಲಿ ಜಾಗವಿರಲಿಲ್ಲ.

ಮುನ್ಸೂಚನೆಗೆ ಬೇಕಾದ ತಿಳಿವಳಿಕೆ ಮೇಲ್ಗಾಳಿಯ ಅಧ್ಯಯನದಿಂದ ಬಂದಿತು. ಕಾದ ನೆಲದ ಮೇಲಿನ ತೇವಗಾಳಿಯು ಸ್ವಲ್ಪ ಎತ್ತರಕ್ಕೆ ತಳ್ಳಲ್ಪಟ್ಟರೆ ಸಾಕು, ಬಳಿಕ ತಾನಾಗಿಯೇ ಮೇಲೇರುತ್ತದೆ ಎಂಬ ಸ್ಥಿತಿಯನ್ನು, ಅಂದರೆ ‘ಸುಪ್ತ ಅಸ್ಥಿರತೆ’ಯನ್ನು, ಭಾರತ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ನಾರ್ಮಂಡ್ 1938ರ ಪ್ರಬಂಧದಲ್ಲಿ ವಿವರಿಸಿದರು. ದಕ್ಷಿಣ ಒಳನಾಡಿನಲ್ಲಿ ಆ ತಳ್ಳುವಿಕೆಯನ್ನು ಬಹುಮಟ್ಟಿಗೆ ಒದಗಿಸುವುದು ಬೇಸಿಗೆಯಲ್ಲಿ ಪರ್ಯಾಯದ್ವೀಪದ ಮೇಲೆ ಉತ್ತರ-ದಕ್ಷಿಣವಾಗಿ ಚಾಚಿಕೊಳ್ಳುವ ಕಡಿಮೆ ಒತ್ತಡದ ಪಟ್ಟಿ. ಅರಬ್ಬಿ ಸಮುದ್ರದ ಕಡೆಯ ಗಾಳಿಯೂ ಬಂಗಾಳ ಕೊಲ್ಲಿಯ ತೇವಗಾಳಿಯೂ ಅದರ ಆಸುಪಾಸಿನಲ್ಲಿ ಎದುರಾಗುತ್ತವೆ. ಬಲೂನಿಗೆ ಕಟ್ಟಿದ ಉಪಕರಣಗಳು ಕಳುಹಿಸುವ ಉಷ್ಣತೆ, ತೇವಾಂಶಗಳ ವಿವರದಿಂದ ‘ಒಳನಾಡಿನಲ್ಲಿ ಇಂದು ಗುಡುಗುಮಳೆ ಸಂಭವ’ ಎಂದು ಹೇಳಲು ಸಾಧ್ಯವಾಯಿತು. ಆದರೆ ಒಂದೊಂದು ಗುಡುಗುಮೋಡ ಕೆಲವೇ ಕಿಲೋಮೀಟರ್ ಅಗಲವಿದ್ದು ಒಂದು ಗಂಟೆಯೊಳಗೆ ಹುಟ್ಟಿ ಸಾಯುವುದರಿಂದ, ಮಾಗಡಿ ನೆನೆದು ಕನಕಪುರ ಒಣಗಿರುವ ದಿನ ಆ ಮಾತು ಜನರಿಗೆ ಸುಳ್ಳೆಂದೇ ಕಂಡಿತು.

1988ರಲ್ಲಿ ಬರಪರಿಸ್ಥಿತಿಯ ನಿಗಾ ಘಟಕವಾಗಿ ಆರಂಭವಾಗಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿ, ‘ಸಿಡಿಲು’ ಎಂಬ ಮೊಬೈಲ್ ಆ್ಯಪ್ ಮೂಲಕ ಮಿಂಚಿನ ಎಚ್ಚರಿಕೆ ನೀಡತೊಡಗಿತು. ಹವಾಮಾನ ಇಲಾಖೆಯೂ ಮುಂದಿನ ಮೂರು ಗಂಟೆಗಳ ತತ್‌ಕ್ಷಣದ ಮುನ್ಸೂಚನೆಯನ್ನು ಜಿಲ್ಲಾವಾರು ಕೊಡುತ್ತಿದೆ. ಮರದಡಿ ನಿಂತ ಕುರಿಗಾಹಿ ಮನೆ ಸೇರಲು ಈ ಅವಧಿ ಸಾಕು, ಮತ್ತು ಜೀವ ಉಳಿಯುವುದೇ ಮೊದಲ ಮಾತು. ರಾಮನಗರ ಸೀಮೆಯ ಬಾದಾಮಿ ಮಾವು ಮಾರುಕಟ್ಟೆಗೆ ಬರುವುದೂ ಇದೇ ಏಪ್ರಿಲ್-ಮೇ ತಿಂಗಳುಗಳಲ್ಲಿ. ಬಲಿತ ಕಾಯನ್ನು ಬಿರುಗಾಳಿಗೆ ಮುನ್ನ ಕೊಯ್ದುಕೊಳ್ಳಬೇಕಾದ ತೋಟಗಾರನಿಗೆ ಬೇಕಿರುವುದು ತನ್ನ ಊರಿಗೆ ಖಚಿತವಾಗಿ ಅನ್ವಯಿಸುವ ಒಂದೆರಡು ದಿನ ಮುಂಚಿನ ಸೂಚನೆ, ಮತ್ತು ಪಂಚಾಂಗದ ಹದಿನೈದು ದಿನಕ್ಕೂ ಈ ಮೂರು ಗಂಟೆಗಳಿಗೂ ನಡುವಿನ ಆ ಅಂತರ ಇನ್ನೂ ತುಂಬಿಲ್ಲ.