ಶಾಲೆಯ ಬಾಗಿಲು ದಾಟಿದ ಮೇಲೆ

ನಮ್ಮ ಚಿನ್ನಾಳಪಟ್ಟಿಯ ನೇಕಾರರ ಮನೆಗಳಲ್ಲಿ ಪ್ರಾಯಕ್ಕೆ ಬಂದ ಹುಡುಗನು ಮುಂದೆ ಏನು ಮಾಡಬೇಕೆಂಬ ಪ್ರಶ್ನೆಗೆ ಬಹುಕಾಲ ಮಗ್ಗವೇ ಉತ್ತರವಾಗಿತ್ತು. ವಿದ್ಯೆ ಹತ್ತಿದರೆ ಓದು, ಹತ್ತದಿದ್ದರೆ ಲಾಳಿ. ಆದರೆ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳ ತಂದೆತಾಯಿಗಳಿಗೆ ಈ ಉತ್ತರ ಸಾಲದು. ಇಂಥ ಮಕ್ಕಳಿಗೆ ಶಾಲೆಗಳು ತೀರ ಹೊಸವೇನಲ್ಲ. ಪಾಳಯಂಕೋಟೆಯ ಅಂಧರ ಶಾಲೆ 1890ರಲ್ಲಿಯೂ, ಮೈಸೂರಿನ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ 1901ರಲ್ಲಿಯೂ ಆರಂಭವಾದವು. ಅಕ್ಷರ ಕಲಿಸುವುದಕ್ಕೆ ಜನ ದೊರೆತರು. ಕಲಿತವನನ್ನು ಎಲ್ಲಿಗೆ ಕಳುಹಿಸಬೇಕು, ವೆಚ್ಚವನ್ನು ಯಾರು ಹೊರಬೇಕು, ಆ ಸ್ಥಳ ಅವನಿಗೆ ತಕ್ಕುದೇ ಎಂದು ಯಾರು ಪರಾಂಬರಿಸಬೇಕು ಎಂಬ ಪ್ರಶ್ನೆಗಳು ಮಾತ್ರ ಉಳಿದೇ ಇದ್ದವು. ಇವಕ್ಕೆ ಕನ್ನಡ ನಾಡು ತನ್ನದೇ ರೀತಿಯಲ್ಲಿ ಕೊಟ್ಟ ಉತ್ತರವೊಂದು ಗದುಗಿನಲ್ಲಿದೆ.

ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನಿಗೆ ದೃಷ್ಟಿಯಿರಲಿಲ್ಲ, ಕಂಠವಿತ್ತು. ಹಾನಗಲ್ಲ ಕುಮಾರಸ್ವಾಮಿಗಳು ಅದನ್ನು ಗುರುತಿಸಿ ಅವನ ಶಿಕ್ಷಣದ ಭಾರವನ್ನು ಹೊತ್ತರು. ಕುರುಡನಿಗೆ ಅನ್ನವಿಕ್ಕಿ ಮಠದ ಮೂಲೆಯಲ್ಲಿ ಕೂರಿಸುವುದು ಅವರಿಗೆ ಸುಲಭವಾಗಿತ್ತು. ಹಾಗೆ ಮಾಡದೆ, ತಕ್ಕ ಗುರುಗಳಲ್ಲಿ ಕಲಿಯಲು ಏರ್ಪಡಿಸಿದರು. ಆ ಬಾಲಕನೇ ಮುಂದೆ ಕರ್ನಾಟಕ, ಹಿಂದೂಸ್ತಾನಿ ಎರಡು ಪದ್ಧತಿಗಳಲ್ಲಿಯೂ ಪಾರಂಗತರಾದ ಪಂಚಾಕ್ಷರ ಗವಾಯಿಗಳು.

ತಮಗೆ ದೊರೆತುದನ್ನು ಅವರು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರು, ಅನಾಥರು, ಬಡವರು ಎಂಬ ಭೇದವೆಣಿಸದೆ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುವ ಸಂಗೀತ ಪಾಠಶಾಲೆಯನ್ನೇ ನಡೆಸಿದರು. ಕಟ್ಟಡವಿಲ್ಲದ ಶಾಲೆ, ಇಂದು ಒಂದೂರು, ನಾಳೆ ಇನ್ನೊಂದು. ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆ ದೊರೆತು ವೀರೇಶ್ವರ ಪುಣ್ಯಾಶ್ರಮವು ಬೇರೂರಿತು. ಭಕ್ತರ ಕಾಣಿಕೆ ಸಾಲದಾದಾಗ ನಾಟಕ ಮಂಡಳಿಯ ಆದಾಯವೂ ಆಶ್ರಮದ ಒಲೆಯನ್ನು ಉರಿಸಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ, ಅವರ ಶಿಷ್ಯರೂ ತಾವೂ ಅಂಧರೂ ಆದ ಪುಟ್ಟರಾಜ ಗವಾಯಿಗಳು (1914–2010) ಹೊಣೆ ಹೊತ್ತರು. ನಾಟಕ ಬರೆದರು, ವಾದ್ಯಗಳನ್ನು ಕಲಿಸಿದರು, ಆರು ದಶಕಗಳಿಗೂ ಮೀರಿ ಆ ಮನೆಯನ್ನು ನಡೆಸಿದರು.

ಇಲ್ಲಿಯ ಪರೀಕ್ಷೆಯ ಕ್ರಮವನ್ನು ಉಪಾಧ್ಯಾಯ ಬಂಧುಗಳು ಗಮನಿಸಬೇಕು. ಗುರುವೂ ಶಿಷ್ಯನೂ ಒಂದೇ ಸೂರಿನಡಿ ಇದ್ದುದರಿಂದ ಹುಡುಗನ ಏಳುಬೀಳು ಗುರುವಿನ ಕಿವಿಗೆ ದಿನವೂ ಬೀಳುತ್ತಿತ್ತು. ಅದಾದ ಮೇಲೆ ಸಭೆ. ಕುರುಡನೆಂಬ ಕನಿಕರದಿಂದ ಶ್ರೋತೃಗಳು ಒಂದು ಹಾಡು ಕೇಳಿಯಾರು. ಇಡೀ ರಾತ್ರಿ ಕೂರಲಾರರು. ಇನ್ನೊಂದು ಸಂಗತಿಯೂ ಉಂಟು. ಬಸವರಾಜ ರಾಜಗುರುಗಳಂಥ ಕಣ್ಣುಳ್ಳ ಗಾಯಕರು ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳ ಪದತಲದಲ್ಲಿ ಕುಳಿತು ಕಲಿತರು. ಯಾರು ಯಾರಿಗೆ ಆಶ್ರಯವಿತ್ತರೆಂದು ಹೇಳೋಣ?

ಆದರೂ ಗದುಗಿನ ದಾರಿ ಎಲ್ಲರಿಗೂ ತೆರೆದ ದಾರಿಯಲ್ಲ. ಅಂಧರೆಲ್ಲರಿಗೂ ಕಂಠವಿರದು, ಕಿವುಡ ಬಾಲಕಿಗೆ ತಂಬೂರಿಯಿಂದ ಪ್ರಯೋಜನವೇನು? ಆ ಕೊರತೆಯನ್ನು ತುಂಬಲು ಬೇರೆ ಬಗೆಯ ಸಂಸ್ಥೆಗಳು ಬೇಕಾದವು. ತಾವೇ ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಸಂಘವು ಮುಂದೆ ತೋಟಗಾರಿಕೆಯಂಥ ಕಸುಬುಗಳ ತರಬೇತಿಗೂ ಕೈಹಾಕಿತು. ಸರಕಾರವು ನಿಧಾನವಾಗಿ ಹಿಂದೆ ಬಂದಿತು: 1995ರ ಕಾಯಿದೆ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 3ನ್ನು, 2016ರ ಕಾಯಿದೆ ನೂರಕ್ಕೆ 4ನ್ನು ಮೀಸಲಿರಿಸಿತು. ಹುದ್ದೆಯ ಲೆಕ್ಕ ಬೇರೆ, ಹುಡುಗನ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ 2014ರ ಕಾನೂನು ಈ ಎರಡನೆಯ ಲೆಕ್ಕವನ್ನು ಹಿಡಿದಿದೆ. ವಿಶೇಷ ನೆರವಿನ ಯೋಜನೆಯುಳ್ಳ ತರುಣನು ವ್ಯಾಸಂಗದಲ್ಲಿರುವವರೆಗೆ, ಅವಶ್ಯವಿದ್ದರೆ 25 ವರ್ಷ ವಯಸ್ಸಿನವರೆಗೂ, ಸ್ಥಳೀಯ ಆಡಳಿತವು ಆ ಯೋಜನೆಯನ್ನು ವರ್ಷಕ್ಕೊಮ್ಮೆಯಾದರೂ ಪುನಃ ಪರಿಶೀಲಿಸಬೇಕು. ತಂದೆತಾಯಿಗಳ ಮಾತನ್ನೂ ತರುಣನ ಮಾತನ್ನೂ ಕೇಳಬೇಕು.

ನಮ್ಮ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಹುಡುಗನು ಶಾಲೆ ಬಿಟ್ಟ ದಿನಾಂಕಕ್ಕೆ ಒಂದು ಅಂಕಣವಿರುತ್ತದೆ. ಬಿಟ್ಟು ಎಲ್ಲಿಗೆ ಹೋದನು, ಒಂದು ವರ್ಷದ ಮೇಲೆ ಅಲ್ಲಿಯೇ ಇರುವನೇ ಎಂದು ಬರೆಯಲು ಆ ಪುಟದ ಅಂಚಿನಲ್ಲಿ ಇನ್ನೂ ಸ್ವಲ್ಪ ಜಾಗವಿದೆ.